ಮೇಲಿನ ಕಣ್ಣಿಗೂ ಕಟ್ಟಳೆ ಬೇಡವೇ?

ರಾಯದುರ್ಗದ ಕೋಟೆಬೆಟ್ಟವನ್ನು ಏರಿದವರಿಗೆ ಕೆಳಗಿನ ಊರಿನ ಮಾಳಿಗೆಗಳೂ ಹಿತ್ತಿಲುಗಳೂ ಕಾಣುತ್ತವೆ. ಮಡಕಶಿರದ ಬೆಟ್ಟವೂ ಹಾಗೆಯೇ. ಆದರೆ ಬೆಟ್ಟವೇರಿದ ಮರ್ಯಾದಸ್ಥನು ಯಾರ ಹಿತ್ತಿಲಿನಲ್ಲಿಯೂ ದೃಷ್ಟಿ ನೆಡುವುದಿಲ್ಲ. ಕಾಣುವುದು ಬೇರೆ, ನೋಡುವುದು ಬೇರೆ ಎಂಬ ವಿವೇಕವನ್ನು ನಮ್ಮ ಹಿರಿಯರು ಯಾವ ಶಾಸನದ ನೆರವೂ ಇಲ್ಲದೆ ನಮಗೆ ಕಲಿಸಿದರು. ಈಗ ಡ್ರೋನ್ ಎಂಬ ಹಾರುವ ಯಂತ್ರವು ಬಂದಿದೆ. ಅದಕ್ಕೆ ಕಣ್ಣುಂಟು, ನಾಚಿಕೆಯಿಲ್ಲ, ನೆನಪುಂಟು, ಮರೆವಿಲ್ಲ. ಅದನ್ನು ಸರಕಾರವೂ ಪೊಲೀಸರೂ ಹಾರಿಸುವಾಗ ಅವರಿಗೆ ಯಾವ ಮೇರೆ ಇರಬೇಕೆಂಬುದನ್ನು ಇಲ್ಲಿ ವಿಚಾರಿಸೋಣ.

ಯಂತ್ರವನ್ನೇ ದೂಷಿಸುವುದು ನಮ್ಮ ಉದ್ದೇಶವಲ್ಲ. 2024ರ ಸೆಪ್ಟೆಂಬರಿನಲ್ಲಿ ವಿಜಯವಾಡವು ನೆರೆಯಲ್ಲಿ ಮುಳುಗಿದಾಗ ನೀರಿನ ನಡುವೆ ಸಿಲುಕಿದವರಿಗೆ ಡ್ರೋನುಗಳು ಅನ್ನವನ್ನೂ ಔಷಧವನ್ನೂ ಮುಟ್ಟಿಸಿದವು. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮನೆಯ ನೆಲವನ್ನು ಅಳೆದುದೂ ಇವುಗಳಿಂದಲೇ. ಅನ್ನ ಕೊಟ್ಟ ಯಂತ್ರವೇ ಹಿತ್ತಿಲನ್ನೂ ಇಣುಕಬಲ್ಲದು. ಆದ್ದರಿಂದ ಪ್ರಶ್ನೆಯು ಯಂತ್ರದ್ದಲ್ಲ, ಅಧಿಕಾರದ್ದು.

"ತಪ್ಪು ಮಾಡದವನು ಏಕೆ ಅಂಜಬೇಕು?" ಎಂದು ಕೇಳುವವರುಂಟು. ನಾವೂ ಒಮ್ಮೆ ಹೀಗೆಯೇ ಭಾವಿಸಿದ್ದೆವು. ಪರೀಕ್ಷೆಯಲ್ಲಿ ನಕಲು ಮಾಡುವವರನ್ನು ಹಿಡಿಯಲೆಂದು ತರಗತಿಯ ಹಿಂದಿನ ಕಿಟಕಿಯ ಮರೆಯಲ್ಲಿ ನಿಂತೆವು. ಒಬ್ಬ ಹುಡುಗನು ಸಿಕ್ಕಿಬಿದ್ದನು. ಆದರೆ ಮರುದಿನದಿಂದ ಮಿಕ್ಕ ಮಕ್ಕಳು ಪುಸ್ತಕವನ್ನು ಬಿಟ್ಟು ಕಿಟಕಿಯ ಕಡೆಗೇ ನೋಡತೊಡಗಿದರು. ತಪ್ಪಾದರೂ ಸರಿಯೆಂದು ಧೈರ್ಯವಾಗಿ ಉತ್ತರಿಸುತ್ತಿದ್ದ ಹುಡುಗಿಯೊಬ್ಬಳು ಬಾಯಿ ತೆರೆಯುವುದನ್ನೇ ಬಿಟ್ಟಳು. ಅವಳು ಯಾವ ತಪ್ಪನ್ನೂ ಮಾಡಿರಲಿಲ್ಲ. ತಪ್ಪು ಮಾಡದವನಿಗೂ ಯಾರೂ ನೋಡದ ಒಂದಿಷ್ಟು ಎಡೆ ಬೇಕೆಂಬುದನ್ನು ನಮಗೆ ಕಲಿಸಿದವಳು ಅವಳೇ.

ಬಾಗಿಲಿಗೆ ಬರುವ ಅಧಿಕಾರಿಗೆ ನಮ್ಮ ಕಾನೂನು ಬಹುಕಾಲದಿಂದಲೂ ಕಟ್ಟಳೆ ಹಾಕಿದೆ. ಮನೆಯನ್ನು ಶೋಧಿಸುವ ಮುನ್ನ ಆ ನೆರೆಹೊರೆಯ ಇಬ್ಬರು ಗೌರವಸ್ಥರನ್ನಾದರೂ ಸಾಕ್ಷಿಗಳಾಗಿ ಕರೆಯಬೇಕು. ಒಬ್ಬನನ್ನು ಬಂಧಿಸಲು ಬಂದಾಗ, ಗೋಷೆಯಲ್ಲಿರುವ ಬೇರೊಬ್ಬ ಸ್ತ್ರೀಯ ಕೋಣೆಯನ್ನು ಪ್ರವೇಶಿಸಬೇಕಾದರೆ ಮೊದಲು ಆಕೆಗೆ ಹೊರಹೋಗಲು ಅವಕಾಶ ಕೊಡಬೇಕು. ನೆರೆಮನೆಯ ಏಕಾಂತಕ್ಕೆ ಭಂಗ ತರುವ ಹೊಸ ಕಿಟಕಿಯನ್ನು ತೆರೆಯಕೂಡದೆಂಬ ಊರ ರೂಢಿಯನ್ನು 1882ರ ಈಸ್‌ಮೆಂಟ್ ಕಾಯಿದೆಯು ಉದಾಹರಣೆಯಾಗಿ ಕೊಟ್ಟಿದೆ. ಗೋಡೆಯ ಕಿಟಕಿಗೇ ಇಷ್ಟು ವಿಚಾರವಾದರೆ, ಮಾಳಿಗೆಯ ಮೇಲೆ ತೇಲುವ ಕಿಟಕಿಗೆ ಏನೂ ಬೇಡವೇ?

ರಾತ್ರಿಯ ಹೊತ್ತು ಬಾಗಿಲು ತಟ್ಟಿ ಶಂಕಿತನನ್ನು ಎಬ್ಬಿಸುತ್ತಿದ್ದ ಉತ್ತರಪ್ರದೇಶದ ಪೊಲೀಸರ ಕ್ರಮವು ಖರಕ್ ಸಿಂಗ್ ಮೊಕದ್ದಮೆಯಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಿತು. 1962ರ ತೀರ್ಪಿನಲ್ಲಿ ನ್ಯಾಯಾಲಯವು ರಾತ್ರಿಯ ಭೇಟಿಗಳನ್ನು ರದ್ದುಪಡಿಸಿತು; ಆದರೆ ಏಕಾಂತವು ಸಂವಿಧಾನವು ಕೊಟ್ಟ ಹಕ್ಕಲ್ಲವೆಂದು ಬಹುಮತದವರು ಹೇಳಿದರು. ಭಿನ್ನಮತವನ್ನು ಬರೆದ ನ್ಯಾಯಮೂರ್ತಿ ಕೋಕಾ ಸುಬ್ಬರಾವ್ ಅವರು ಏಕಾಂತವು ವ್ಯಕ್ತಿಸ್ವಾತಂತ್ರ್ಯದ ಅವಶ್ಯಕ ಅಂಗವೆಂದರು. ಅರ್ಧ ಶತಮಾನ ಕಳೆದ ಮೇಲೆ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಏಕಾಂತವು ಮೂಲಭೂತ ಹಕ್ಕೆಂದು ಸಾರಿದರು. ಒಬ್ಬರು ತೆಲುಗು ನಾಡಿನವರು, ಇನ್ನೊಬ್ಬರು ಕನ್ನಡ ನಾಡಿನವರು. ಗಡಿಯಲ್ಲಿರುವ ನಮಗೆ ಇಬ್ಬರೂ ನಮ್ಮವರೇ. ಆ ತೀರ್ಪಿನಂತೆ ಈ ಹಕ್ಕನ್ನು ಮೊಟಕುಗೊಳಿಸುವ ಸರಕಾರಕ್ಕೆ ಕಾನೂನಿನ ಆಧಾರವಿರಬೇಕು; ಉದ್ದೇಶವು ನ್ಯಾಯವಾಗಿರಬೇಕು; ಕ್ರಮವು ಉದ್ದೇಶವನ್ನು ಮೀರಬಾರದು.

ಈ ಅಳತೆಗೋಲಿಗೆ ಈಗಿನ ಕಟ್ಟಳೆಗಳು ಸಾಲವು. 2021ರ ಡ್ರೋನ್ ನಿಯಮಗಳು ಯಂತ್ರದ ತೂಕ, ನೋಂದಣಿ, ಹಾರಬಹುದಾದ ವಲಯ, 400 ಅಡಿಗಳ ಎತ್ತರ ಮೊದಲಾದುವನ್ನು ಹೇಳುತ್ತವೆ. ಪೊಲೀಸರು ಯಾರನ್ನು ನೋಡಬಹುದು, ತೆಗೆದ ಚಿತ್ರವನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು ಎಂಬುದನ್ನು ಹೇಳುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಾದರೋ, ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣಗಳಿಗಾಗಿ ಸರಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೇ ಒಪ್ಪಿಸಿದೆ. ಫ್ರಾನ್ಸಿನ ನಡೆಯನ್ನು ನೋಡಿರಿ. ಕೊರೋನಾ ನಿರ್ಬಂಧಗಳನ್ನು ಕಾಯಲು ಪ್ಯಾರಿಸಿನ ಪೊಲೀಸರು ಹಾರಿಸುತ್ತಿದ್ದ ಡ್ರೋನುಗಳನ್ನು 2020ರ ಮೇ ತಿಂಗಳಲ್ಲಿ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯವು ನಿಲ್ಲಿಸಿತು. ಉದ್ದೇಶವು ಕೆಟ್ಟದ್ದೆಂದಲ್ಲ, ಅದಕ್ಕೆ ತಕ್ಕ ನಿಯಮದ ಆಧಾರವಿಲ್ಲವೆಂದು.

ಕಳ್ಳನು ಅಪ್ಪಣೆಯ ಕಾಗದ ಬರುವವರೆಗೆ ಕಾಯುವನೇ ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಪ್ರಾಣಕ್ಕೆ ಅಪಾಯವಿರುವಾಗ ಮೊದಲು ಹಾರಿಸಲಿ, ಅನಂತರ ಕಾರಣವನ್ನು ಬರೆದು ಒಪ್ಪಿಸಲಿ. ಉಳಿದಂತೆ, ಹಾರಿಸುವ ಮುನ್ನ ಲಿಖಿತ ಅಪ್ಪಣೆಯಿರಲಿ. ಸ್ಥಳ, ಕಾರಣ, ಅವಧಿಗಳು ಅದರಲ್ಲಿ ನಮೂದಾಗಲಿ. ಬೇಡದ ಚಿತ್ರಗಳನ್ನು ಗೊತ್ತಾದ ದಿನದೊಳಗೆ ಅಳಿಸಲಿ. ಮೀರಿದವರು ನ್ಯಾಯಾಲಯಕ್ಕೆ ಉತ್ತರ ಹೇಳಲಿ.

ನಾವು ಮತ್ತೆ ಆ ಕಿಟಕಿಯ ಮರೆಯಲ್ಲಿ ನಿಲ್ಲಲಿಲ್ಲ. ಪರೀಕ್ಷೆಯ ದಿನ ಮಕ್ಕಳ ನಡುವೆಯೇ, ಅವರಿಗೆ ಕಾಣುವಂತೆ ಸುಳಿದಾಡಿದೆವು. ನಕಲು ಪೂರ್ತಿಯಾಗಿ ನಿಂತಿತೆಂದು ಹೇಳಲಾರೆವು. ಆ ಹುಡುಗಿಯು ಮರಳಿ ಕೈಯೆತ್ತಲು ಎರಡು ತಿಂಗಳು ಬೇಕಾಯಿತು. ಅವಳ ಉತ್ತರವು ಅಂದೂ ತಪ್ಪಾಗಿತ್ತು. ನಮಗೆ ಮಾತ್ರ ಬಹಳ ಸಂತೋಷವಾಯಿತು.