ಗದ್ದುಗೆಯ ಮುಂದೆ ಒಂದು ಬೆಳಕು, ಬಸ್ಸಿನಲ್ಲಿ ಇನ್ನೊಂದು

ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಕುಣಿಗಲ್ ದಾಟಿದವರು ಬಹಳ ಮಂದಿ ಯಡಿಯೂರಿನಲ್ಲಿ ಇಳಿಯುತ್ತಾರೆ. ಸಿದ್ಧಲಿಂಗೇಶ್ವರರ ಗದ್ದುಗೆಯ ಮುಂದೆ ಕಣ್ಣು ಮುಚ್ಚಿ ನಿಂತಷ್ಟು ಹೊತ್ತು ಸಾಲ, ಜಗಳ, ಕೋರ್ಟು ಕಚೇರಿ ಯಾವುದೂ ನೆನಪಿಗೆ ಬರುವುದಿಲ್ಲ. ದಾಸೋಹದಲ್ಲಿ ಉಂಡು, ಚಪ್ಪಲಿ ಮೆಟ್ಟಿ ಬಸ್ಸು ಹತ್ತಿದರೆ ಮತ್ತೆ ಅದೇ ಲೆಕ್ಕಾಚಾರ. ಒಳಗೆ ನಿಂತಿದ್ದವನು ನಿಜವೋ, ಬಸ್ಸಿನಲ್ಲಿ ಕೂತವನು ನಿಜವೋ? ಎರಡನೆಯವನೇ ನಿಜ, ಮೊದಲನೆಯವನದು ಬರೀ ಢೋಂಗಿ ಎಂದುಬಿಡುವುದು ಸುಲಭ.

ಭೌತಶಾಸ್ತ್ರದಲ್ಲೂ ಇಂಥದೇ ಜಗಳವೊಂದು ದಶಕಗಳ ಕಾಲ ನಡೆದಿತ್ತು. 1884ರಲ್ಲಿ ಜರ್ಮನಿಯ ಹಿಟಾರ್ಫ್, ಗಾಳಿ ತೆಗೆದ ಗಾಜಿನ ಪಾತ್ರೆಗೆ ಹೊರಗಿನಿಂದ ತಂತಿಯ ಸುರುಳಿ ಸುತ್ತಿ ಒಳಗಿನ ಅನಿಲ ಬೆಳಗುವಂತೆ ಮಾಡಿದರು. ಬೆಳಗಿಸಿದ್ದು ಸುರುಳಿಯ ಕಾಂತಕ್ಷೇತ್ರ ಎಂದರು ಜೆ.ಜೆ. ಥಾಮ್ಸನ್. ಅಲ್ಲ, ಸುರುಳಿಯ ಸುತ್ತುಗಳ ನಡುವಿನ ವಿದ್ಯುತ್ ಕ್ಷೇತ್ರ ಎಂದರು ಟೌನ್ಸೆಂಡ್. ಇಬ್ಬರದೂ ಸರಿ ಎಂದು 1929ರಲ್ಲಿ ತೋರಿಸಿದವರು ಮ್ಯಾಕಿನನ್. ಶಕ್ತಿ ಕಡಿಮೆ ಇದ್ದಾಗಿನ ಮಂಕು ಬೆಳಕು ವಿದ್ಯುತ್ ಕ್ಷೇತ್ರದ್ದು. ಶಕ್ತಿ ಏರಿಸುತ್ತ ಹೋದರೆ ಒಂದು ಗಡಿಯಲ್ಲಿ ಝಗ್ಗನೆ ಹೊತ್ತುವ ಬೆಳಕು ಕಾಂತಕ್ಷೇತ್ರ ಪ್ರೇರಿಸಿದ್ದು. ಅನಿಲ ಒಂದೇ, ಸ್ಥಿತಿ ಎರಡು.

ಹೊತ್ತಿದ ಬೆಳಕು ಬಂದ ದಾರಿಯನ್ನು ಮರೆಯುವುದೂ ಇಲ್ಲ. ಶಕ್ತಿಯನ್ನು ಆ ಗಡಿಯಿಂದ ಕೆಳಗಿಳಿಸಿದರೂ ಸ್ವಲ್ಪ ದೂರದವರೆಗೆ ಪ್ರಕಾಶವಾಗಿಯೇ ಉಳಿಯುತ್ತದೆ. ಈಗ ಸಿಗುತ್ತಿರುವ ಶಕ್ತಿಯೊಂದನ್ನೇ ನೋಡಿ ಅದು ಯಾವ ಸ್ಥಿತಿಯಲ್ಲಿದೆ ಎಂದು ಹೇಳಲಾಗದು.

ಆರ್ಗಾನ್‌ನಂಥ ಜಡ ಅನಿಲದ ಕಥೆ ಇಲ್ಲಿಗೆ ಮುಗಿಯಿತು. ಎಲೆಕ್ಟ್ರಾನುಗಳನ್ನು ಬಾಚಿ ಹಿಡಿದುಕೊಳ್ಳುವ ಸ್ವಭಾವದ ಅನಿಲಗಳ ಕಥೆಯೇ ಬೇರೆ. ಸಲ್ಫರ್ ಹೆಕ್ಸಾಫ್ಲೋರೈಡ್ ಅಂಥದು. ಈ ಗುಣದಿಂದಾಗಿಯೇ ವಿದ್ಯುತ್ ಉಪಕೇಂದ್ರಗಳ ಬ್ರೇಕರ್‌ಗಳಲ್ಲಿ ಅದು ಕಿಡಿ ಆರಿಸುತ್ತದೆ. ಸಿಲಿಕಾನ್ ಬಿಲ್ಲೆ ಕೊರೆಯುವ ಯಂತ್ರಗಳಲ್ಲಿ ಅದನ್ನೇ, ಸಾಮಾನ್ಯವಾಗಿ 13.56 ಮೆಗಾಹರ್ಟ್ಸ್ ರೇಡಿಯೋ ಅಲೆಯಿಂದ, ಬೆಳಗಿಸುತ್ತಾರೆ. ಪ್ರಕಾಶ ಸ್ಥಿತಿಯಲ್ಲಿ ಎಲೆಕ್ಟ್ರಾನುಗಳು ಹೆಚ್ಚಿದಂತೆ ಅನಿಲದ ಕಣಗಳು ಅವನ್ನು ಹಿಡಿದು ಋಣ ಅಯಾನುಗಳಾಗುತ್ತವೆ. ಗೋಡೆಗಿಂತ ನಡುಭಾಗ ಧನಾತ್ಮಕವಾಗಿರುವುದರಿಂದ ಹೊರಗೆ ಹೋಗಲಾರದೆ ಅಲ್ಲೇ ಗುಡ್ಡೆಯಾಗುತ್ತವೆ. ಎಲೆಕ್ಟ್ರಾನುಗಳು ಸಾಲದೆ ಬೆಳಕು ಮಂಕಾಗುತ್ತದೆ. ಅಯಾನುಗಳು ಮೆಲ್ಲಗೆ ಕರಗಿದ ಮೇಲೆ ಮತ್ತೆ ಝಗ್ ಎನ್ನುತ್ತದೆ. ಶಕ್ತಿಯ ಗುಂಡಿಯನ್ನು ಯಾರೂ ಮುಟ್ಟದಿದ್ದರೂ ಎರಡು ಸ್ಥಿತಿಗಳ ನಡುವೆ ಸೆಕೆಂಡಿಗೆ ಸಾವಿರಾರು ಬಾರಿ ತೂಗಾಡಬಲ್ಲದು.

ಯಡಿಯೂರಿನ ಗದ್ದುಗೆಯ ಸಿದ್ಧಲಿಂಗೇಶ್ವರರು, ಅಂದರೆ ವಿಜಯನಗರ ಕಾಲದ ತೋಂಟದ ಸಿದ್ಧಲಿಂಗರು, 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ದಲ್ಲಿ ಸಾಧಕನ ಆರು ಸ್ಥಲಗಳನ್ನು, ಅಂದರೆ ಹಂತಗಳನ್ನು, ವಿವರಿಸಿದರು: ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ. ಶ್ರದ್ಧೆ ಒಂದು ದರ್ಶನದಲ್ಲೇ ಹೊತ್ತಿಕೊಳ್ಳಬಹುದು. ನಿಷ್ಠೆ ಹಾಗೆ ಬರುವುದಲ್ಲ. ಗದ್ದುಗೆಯಿಂದ ಬಸ್ಸಿಗೆ ಬರುವಷ್ಟರಲ್ಲಿ ಮಂಕಾಗುವವನು ಸುಳ್ಳನಲ್ಲ. ಗದ್ದುಗೆಯ ಮುಂದಿನ ಬೆಳಕೂ ಅವನದೇ, ಅದನ್ನು ಮಂಕಾಗಿಸುವ ಹಿಡಿತವೂ ಅವನದೇ.

ಹೋಲಿಕೆಗೆ ಮಿತಿಯಿದೆ. ಅನಿಲಕ್ಕೆ ಬೆಳಗಬೇಕೆಂಬ ಹಂಬಲವಿಲ್ಲ, ಗುಂಡಿ ಬೇರೆಯವರ ಕೈಯಲ್ಲಿದೆ. ಸಾಧಕನಿಗೆ ಹಂಬಲವಿದೆ, ಹಿಡಿದದ್ದನ್ನು ಬಿಡುವ ಸ್ವಾತಂತ್ರ್ಯವೂ ಇದೆ. ಬೆಳಗುವ ಅನಿಲ ಷಟ್‌ಸ್ಥಲವನ್ನು ಸಾಬೀತು ಮಾಡುವುದಿಲ್ಲ. ತೂಗಾಟ ಕಂಡ ಕೂಡಲೇ ಢೋಂಗಿ ಎನ್ನುವ ಅವಸರವನ್ನಷ್ಟೇ ಅದು ತಡೆಯುತ್ತದೆ.

ನಡುವೆ ಸಿಕ್ಕಿಕೊಂಡ ಋಣ ಅಯಾನುಗಳನ್ನು ಹೊರಬಿಡಲು ಎಂಜಿನಿಯರುಗಳಿಗೆ ಒಂದು ದಾರಿ ಗೊತ್ತು. ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ ಶಕ್ತಿಯನ್ನು ಪೂರ್ತಿ ನಿಲ್ಲಿಸುತ್ತಾರೆ. ಎಲೆಕ್ಟ್ರಾನುಗಳು ಬೇಗ ಚದುರಿಹೋಗಿ ಅಯಾನುಗಳನ್ನು ಹಿಡಿದಿಟ್ಟ ತಡೆ ಕುಸಿಯುತ್ತದೆ, ಅಯಾನುಗಳು ಗೋಡೆಯ ಕಡೆ ಸಾಗುತ್ತವೆ. ಪೂರ್ತಿ ನಿಲ್ಲುವುದು ಸಾಧಕರಿಗೂ ಗೊತ್ತಿತ್ತು. ಯಡಿಯೂರಿಗೆ ಹತ್ತಿರದ ಕಗ್ಗೆರೆಯ ತೋಟದಲ್ಲಿ ಸಿದ್ಧಲಿಂಗರು ಮೈಮೇಲೆ ಹುತ್ತ ಬೆಳೆಯುವಷ್ಟು ಕಾಲ ಅಲುಗದೆ ಕುಳಿತಿದ್ದರೆಂದು ಭಕ್ತರು ಇಂದಿಗೂ ಹೇಳುತ್ತಾರೆ. ಅವರ ಹೆಸರಿಗೆ ‘ತೋಂಟದ’ ಎಂಬುದು ಸೇರಿದ್ದು ಆ ತೋಟದಿಂದಲೇ.