ಕುಲವೋ, ಕಾಲವೋ?

ಯಕೃತ್ತಿನ ದೀರ್ಘರೋಗವೆಂದೊಡನೆ ನಾವು ರೋಗಿಯ ಕುಡಿತವನ್ನು ಶಂಕಿಸುತ್ತೇವೆ. ಕುಡಿಯದವನಾದರೆ ಅವನ ಕುಲವನ್ನು. ಎರಡೂ ಅವಸರದ ತೀರ್ಪುಗಳೆಂದು ನನ್ನ ಭಾವನೆ.

ಹೆಪಟೈಟಿಸ್ ಬಿ ಎಂಬ ಸೋಂಕನ್ನೇ ನೋಡಿ. ಪ್ರಾಯದವರಿಗೆ ತಗುಲಿದರೆ 100ರಲ್ಲಿ 95 ಮಂದಿ ಕೆಲವು ತಿಂಗಳಲ್ಲಿ ಅದನ್ನು ಗೆಲ್ಲುತ್ತಾರೆ. ಹುಟ್ಟುವಾಗಲೇ ತಾಯಿಯಿಂದ ಬಂದರೆ 100ರಲ್ಲಿ ಸುಮಾರು 90 ಕೂಸುಗಳಲ್ಲಿ ಅದು ಬೇರೂರಿ ನಿಲ್ಲುತ್ತದೆ. ನಡುವಯಸ್ಸಿನಲ್ಲಿ ಯಕೃತ್ತನ್ನು ಕೆಡಿಸಲೂಬಹುದು. ಪೂರ್ವ ಏಷ್ಯದವರಲ್ಲಿ ಇದು ಹೆಚ್ಚೆಂದು ಕಂಡವನಿಗೆ, ಇದು ಅವರ ರಕ್ತದ ಗುಣವೆಂದೇ ತೋರೀತು. ಆದರೆ ತೈವಾನಿನಲ್ಲಿ 1984ರಿಂದ ನವಜಾತ ಶಿಶುಗಳಿಗೆ ಲಸಿಕೆ ಹಾಕತೊಡಗಿದರು. ತೈಪೆ ನಗರದ ಮಕ್ಕಳಲ್ಲಿ 100ಕ್ಕೆ ಸುಮಾರು 10ರಷ್ಟಿದ್ದ ಸೋಂಕು 1999ರ ಹೊತ್ತಿಗೆ 1ಕ್ಕಿಂತ ಕೆಳಗಿಳಿಯಿತು. ಕುಲ ಅದೇ, ರಕ್ತ ಅದೇ; ಬದಲಾದದ್ದು ಮೊದಲ ದಿನಗಳ ಆರೈಕೆ.

ವಂಶಕ್ಕೆ ಪಾಲೇ ಇಲ್ಲವೆಂದು ನಾನು ಹೇಳಲಾರೆ. ಯಕೃತ್ತಿನಲ್ಲಿ ಕೊಬ್ಬು ಸೇರಲು ಎಡೆಮಾಡುವ ಒಂದು ಜೀನ್‌ಭೇದ ಅಮೆರಿಕದ ಹಿಸ್ಪಾನಿಕ್ ಜನರಲ್ಲಿ ಹೆಚ್ಚು, ಆಫ್ರಿಕನ್ ಮೂಲದವರಲ್ಲಿ ಕಡಿಮೆ ಎಂಬುದು 2008ರಲ್ಲಿ ತಿಳಿಯಿತು. ಆದರೂ ಅಂಥ ಒಲವನ್ನು ಹಣೆಬರಹವೆನ್ನಲಾಗದು. ಊಟ, ದುಡಿಮೆ, ಔಷಧಗಳಿಗೂ ಅಲ್ಲಿ ಮಾತುಂಟು.

ಯಾವ ಹೊಟ್ಟೆಯಲ್ಲಿ ಹುಟ್ಟಬೇಕೆಂದು ಯಾರೂ ಆರಿಸಿಕೊಂಡು ಬರುವುದಿಲ್ಲ. ಹುಟ್ಟಿದ ಕೂಸನ್ನು ಕಾಯುವುದೋ ಕೈಬಿಡುವುದೋ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ದೋಷವನ್ನು ರಕ್ತದಲ್ಲಿ ಹುಡುಕುವ ಸಮಾಜ ತನ್ನ ಹೊಣೆಯನ್ನು ಮೆಲ್ಲನೆ ಕೆಳಗಿಳಿಸುತ್ತದೆ.