ಕೆಳಗಿನವರ ನೀರು

ನಮ್ಮ ಕೇರಿಯ ಹೆಂಗಸರು ಕೆರೆಗೆ ಹೋಗುತ್ತಿದ್ದದ್ದು ಬರೀ ಬಟ್ಟೆ ಒಗೆಯಲಿಕ್ಕಲ್ಲ. ಕೂಲಿ ಸಿಗದ ದಿನ ಅಲ್ಲಿ ಏಡಿ ಸಿಗುತ್ತಿತ್ತು, ಸಣ್ಣ ಮೀನು ಸಿಗುತ್ತಿತ್ತು, ಏರಿ ಮಗ್ಗುಲಲ್ಲಿ ಹೊನಗೊನೆ ಸೊಪ್ಪು ಸಿಗುತ್ತಿತ್ತು. ಅದಕ್ಕೆ ದುಡ್ಡು ಬೇಡ, ಯಾವ ಯಜಮಾನನ ಅಂಗಳದಲ್ಲೂ ಕೈಕಟ್ಟಿ ನಿಲ್ಲೋದು ಬೇಡ. ಈಗ ಅದೇ ಕೆರೆ ಮೇಲೆ ದಡದಿಂದ ದಡಕ್ಕೆ ಅಂತರಗಂಗೆ ಹಾಸಿಕೊಂಡಿದೆ. ಬಸ್ಸಿನಲ್ಲಿ ಹೋಗುವವರು ಹಸಿರು ಕಂಡು ಹಿಗ್ಗುತ್ತಾರೆ. ಅವ್ವ ಒಂದೇ ಮಾತು ಅಂದಳು: "ಕೆರ ಅಸ್ರಾಗದ ಕನ್ ಮಗ, ಒಳ್ಗ ಏನೂ ಇಲ್ಲ."

ಒಳಗೆ ಏನೂ ಇಲ್ಲದ ಈ ಹಸಿರು ಯಾರದು? ಇದಕ್ಕೆ ಜವಾಬು ಹೇಳಬೇಕಾದವರು ಯಾರು?

ಯಳಂದೂರಿನ ಸುವರ್ಣಾವತಿ ಬಯಲಲ್ಲಿ, ಕೊಳ್ಳೇಗಾಲದ ನಾಲೆ ಕೆಳಗಿನ ಗದ್ದೆಗಳಲ್ಲಿ ಭತ್ತಕ್ಕೂ ಕಬ್ಬಿಗೂ ಯೂರಿಯಾ ಸುರಿಯುತ್ತಾರೆ. ಯೂರಿಯಾದಲ್ಲಿ ನೂರಕ್ಕೆ ೪೬ ಪಾಲು ಸಾರಜನಕ. ಪೈರು ಉಂಡು ಮಿಕ್ಕಿದ್ದರಲ್ಲಿ ಒಂದಷ್ಟು ಗಾಳಿಗೆ, ಒಂದಷ್ಟು ಅಂತರ್ಜಲಕ್ಕೆ, ಒಂದಷ್ಟು ಬಸಿಗಾಲುವೆ ಹಿಡಿದು ಕೆರೆಗೆ, ಹೊಳೆಗೆ. ಪೇಟೆಯ ಚರಂಡಿ ತನ್ನ ಪಾಲಿನ ರಂಜಕ ತರುತ್ತದೆ. ಗಿಡದ ಪಾಲಿಗೆ ಇವೆರಡೂ ವಿಷವಲ್ಲ, ಅನ್ನ. ಆದರೆ ಅನ್ನ ಒಂದೇ ಕಡೆ ರಾಶಿ ಬಿದ್ದರೆ ಏನಾಗುತ್ತೆ ನೋಡಿ. ಮೇಲೆ ತೇಲುವ ಪಾಚಿ, ಕಳೆ ಮೊದಲು ಉಣ್ಣುತ್ತವೆ, ಕೊಬ್ಬುತ್ತವೆ, ಬಿಸಿಲಿಗೆ ಅಡ್ಡ ಮಲಗುತ್ತವೆ. ತಳದ ಗಿಡಕ್ಕೆ ಬೆಳಕಿಲ್ಲ, ಅದು ಸಾಯುತ್ತೆ. ಸತ್ತದ್ದು ಕೊಳೆಯುವಾಗ ನೀರೊಳಗಿನ ಆಮ್ಲಜನಕ ಖರ್ಚಾಗುತ್ತೆ. ಮೀನು ಉಸಿರುಗಟ್ಟುತ್ತೆ. ಮೇಲಿನವರು ಕೊಬ್ಬಿ ಕೆಳಗಿನವರ ಬಿಸಿಲು ಕಸಿಯುವ ಈ ಕಥೆ ನಮಗೆ ಹೊಸದಲ್ಲ.

ಕಥೆ ನಮ್ಮ ಕೆರೆಗೇ ಮುಗಿಯೋದಿಲ್ಲ. ಸುವರ್ಣಾವತಿ ಕಾವೇರಿಯನ್ನು ಸೇರುತ್ತಾಳೆ. ಕಾವೇರಿ ಶಿವನಸಮುದ್ರದಲ್ಲಿ ಧುಮುಕಿ, ಹನೂರಿನ ಕಾಡಂಚು ಸವರಿ, ಮೆಟ್ಟೂರು ದಾಟಿ, ತಂಜಾವೂರು ಸೀಮೆಯಲ್ಲಿ ಕವಲೊಡೆದು ಸಮುದ್ರಕ್ಕೆ ಹೋಗುತ್ತಾಳೆ. ಕೆಲವು ಕವಲು ಮುತ್ತುಪೇಟೆ ಹತ್ತಿರ ಪಾಕ್ ಕೊಲ್ಲಿ ಕಡೆಗೆ ಇಳಿಯುತ್ತವೆ. ಆ ಕೊಲ್ಲಿಯ ಆಳವಿಲ್ಲದ ನೀರಿನ ತಳದಲ್ಲಿ ಕಡಲಹುಲ್ಲಿನ ಗೋಮಾಳಗಳಿವೆ. ಅದು ಪಾಚಿಯಲ್ಲ, ಬೇರು, ಹೂವು, ಬೀಜ ಇರುವ ನಿಜವಾದ ಗಿಡ. ಮರಿಮೀನು, ಸೀಗಡಿ ಅದರ ಮರೆಯಲ್ಲಿ ಬೆಳೆಯುತ್ತವೆ. ನಮ್ಮ ಕಾಡಿನ ಆನೆಗೆ ದೂರದ ನೆಂಟನಾದ ಕಡಲಹಸು ಅದನ್ನೇ ಮೇಯುತ್ತದೆ. ೨೦೨೨ರಲ್ಲಿ ತಮಿಳುನಾಡು ಸರ್ಕಾರ ಅಲ್ಲಿ ೪೪೮ ಚದರ ಕಿಲೋಮೀಟರ್ ಕಡಲನ್ನು ಈ ಪ್ರಾಣಿಗಾಗಿ ಮೀಸಲಿಟ್ಟಿತು. ಆದರೆ ನೀರಿಗೆ ಬೇಲಿ ಹಾಕೋಕಾಗುತ್ಯೆ? ಹೊಲ, ಚರಂಡಿ, ಸೀಗಡಿ ಹೊಂಡಗಳ ಮಿಕ್ಕ ಗೊಬ್ಬರ ಹರಿದು ಬಂದರೆ ಪಾಚಿ ಹುಲ್ಲಿನ ಎಲೆ ಮೇಲೇ ಕೂತು ಬೆಳಕು ಮುಚ್ಚುತ್ತೆ. ಅಮೆರಿಕದ ಫ್ಲಾರಿಡಾದಲ್ಲಿ ಹೀಗೆ ಹುಲ್ಲು ಸತ್ತಿತು. ಕಡಲಹಸುವಿನ ದಾಯಾದಿಗಳಾದ ಮ್ಯಾನಟೀಗಳು ೨೦೨೧ ಒಂದೇ ವರ್ಷ ೧,೧೦೦ರಷ್ಟು ಸತ್ತವು. ಅವುಗಳಲ್ಲಿ ಬಹಳಷ್ಟು ಮೇವಿಲ್ಲದೆ.

ಕೊಳ್ಳೇಗಾಲದ ಒಂದು ಹಿಡಿ ಯೂರಿಯಾ ನೇರ ಪಾಕ್ ಕೊಲ್ಲಿ ಮುಟ್ಟುತ್ತೆ ಅಂತ ನಾವು ಹೇಳ್ತಿಲ್ಲ. ದಾರಿಯಲ್ಲಿ ಅಣೆಕಟ್ಟೆಗಳಿವೆ, ಲಕ್ಷಾಂತರ ಎಕರೆ ಗದ್ದೆಗಳಿವೆ. ಅದಕ್ಕೇ ಪ್ರತಿಯೊಬ್ಬನೂ 'ನನ್ನದು ಒಂದೇ ಹಿಡಿ' ಅನ್ನಬಹುದು. ಯಾರೊಬ್ಬನ ಹಿಡಿಯೂ ಕೊಲ್ಲೋದಿಲ್ಲ, ಎಲ್ಲರ ಹಿಡಿ ಸೇರಿ ಕೊಲ್ಲುತ್ತೆ. ನೀತಿಯ ಪ್ರಶ್ನೆ ಹುಟ್ಟೋದು ಇಲ್ಲೇ.

ಈ ದೇಶಕ್ಕೆ ನೀರಿನ ಮೈಲಿಗೆಯ ಶಾಸ್ತ್ರ ಚೆನ್ನಾಗಿ ಗೊತ್ತು. ೧೯೨೭ರ ಮಾರ್ಚ್‌ನಲ್ಲಿ ಮಹಾಡಿನ ಚವದಾರ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಕುಡಿದರು. ಕೆರೆ ಕೆಟ್ಟಿತು ಅಂತ ಸವರ್ಣೀಯರು ಸೆಗಣಿ, ಗಂಜಳ, ಹಾಲು, ಮೊಸರು ಸುರಿದು 'ಶುದ್ಧ' ಮಾಡಿದರು. ಒಂದು ಬೊಗಸೆ ತೆಗೆದದ್ದು ಮೈಲಿಗೆ. ಪಾಚಿಗೆ ಮೇವು ಸುರಿದದ್ದು ಮಡಿ! ಮುಟ್ಟಿದ ಕೈಯನ್ನು ಹುಡುಕಿದ ಈ ಶಾಸ್ತ್ರ ಸುರಿದ ಕೈಯನ್ನು ಎಂದೂ ಹುಡುಕಲಿಲ್ಲ.

ಹಾಗಾದರೆ ಇವತ್ತು ಸುರಿಯುವ ಕೈ ಯಾರದು? ಇಲ್ಲಿ ನಾವು ತಪ್ಪಿಸಿಕೊಳ್ಳುವ ಹಾಗಿಲ್ಲ. ಗದ್ದೆಯಲ್ಲಿ ಗೊಬ್ಬರ ಎರಚುವ ಕೂಲಿ ಕೈ ನಮ್ಮದೇ. ಎಷ್ಟು ಎರಚಬೇಕು ಅಂತ ಹೇಳೋ ಬಾಯಿ ನಮ್ಮದಲ್ಲ. ೧೯೯೨ರಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆಯ ಹಗ್ಗ ಬಿಟ್ಟು ಯೂರಿಯಾ ಒಂದನ್ನು ಅಗ್ಗವಾಗಿ ಉಳಿಸಿದ ದಿಲ್ಲಿಯ ಲೆಕ್ಕವೂ ನಮ್ಮದಲ್ಲ. ಆದರೂ ನಮ್ಮಲ್ಲೂ ಕೆಲವರಿಗೆ ಈಗ ಅರ್ಧ ಎಕರೆ, ಒಂದು ಎಕರೆ ಆಗಿದೆ. ನಾವೂ ಯಾರಿಗೋ ಮೇಲಿನವರಾಗಿದ್ದೀವಿ. ಆ ಕಡಲ ದಡದಲ್ಲಿ ಮೀನು ಬುಟ್ಟಿ ಹೊರುವ ಹೆಂಗಸಿಗೆ ನಮ್ಮ ಊರಿನ ಹೆಸರೂ ಗೊತ್ತಿಲ್ಲ. ಬಲೆ ಬರಿದಾದಾಗ ಅವಳು ಯಾರನ್ನು ಕೇಳಬೇಕು?

ಕಾವೇರಿ ಅಂದರೆ ಸಾಕು, ನಮ್ಮ ಕಡೆ ಬಂದ್ ಆಗುತ್ತೆ. ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ ೧೭೭.೨೫ ಟಿಎಂಸಿ ಸೇರಬೇಕು ಅಂತ ಸುಪ್ರೀಂ ಕೋರ್ಟು ೨೦೧೮ರಲ್ಲಿ ಹೇಳಿತು. ಎಷ್ಟು ನೀರು ಅಂತ ಬೀದಿಗೆ ಇಳಿದವರು, ಎಂಥ ನೀರು ಅಂತ ಕೇಳಿ ಇಳಿದದ್ದನ್ನು ನಾವು ನೋಡಿಲ್ಲ.

ಗೆಳೆಯರೇ, ಊರಿನ ನೀರಿನ ಸಾಲಿನಲ್ಲಿ ಕೊನೆಗೆ ನಿಂತವರು ನಾವು. ಕೆಳಗಿರೋದು ಅಂದರೇನು ಅಂತ ನಮಗೆ ಯಾವ ಪುಸ್ತಕವೂ ಕಲಿಸಬೇಕಾಗಿಲ್ಲ. ಆ ನೋವಿನ ಬಲದಿಂದಲೇ ಗ್ರಾಮಸಭೆಯಲ್ಲಿ ಎದ್ದು ಕೇಳೋಣ: ಮಣ್ಣು ಪರೀಕ್ಷೆ ಮಾಡದೆ ಮೂಟೆ ಮೂಟೆ ಗೊಬ್ಬರ ಯಾಕೆ? ಚರಂಡಿ ನೀರನ್ನು ಶುದ್ಧ ಮಾಡದೆ ಹೊಳೆಗೆ ಬಿಡೋದು ಯಾಕೆ? ಕೆರೆ ಹರಾಜು ಕೂಗುವ ಮುಂಚೆ ಅದರಿಂದ ಉಣ್ಣುವವರನ್ನು ಕೇಳಿದಿರಾ? ಹಾಗೇ ನಮ್ಮ ಒಂದು ಎಕರೆಯ ಚೀಲವನ್ನೂ ಎಣಿಸೋಣ. ಮೇಲಿನವನ ಕೈ ಹಿಡಿದು ನಿಲ್ಲಿಸುವವನು ತನ್ನ ಮುಷ್ಟಿಯನ್ನೂ ಬಿಚ್ಚಿ ತೋರಿಸಬೇಕು.

ಅವ್ವ ಇನ್ನೂ ಕೆರೆ ಏರಿ ಮೇಲೆ ನಿಂತು ನೋಡ್ತಾಳೆ. ಅವಳಿಗೆ ಬೇಕಾದ್ದು ಹಸಿರಲ್ಲ, ಏಡಿ.